ಹುಣ್ಣಿವಿ ಪುಡಿ

ಮಹಾನವಮಿ ಅಮಾವಾಸ್ಯೆಯ ಮುಂಜಾನೆ ಲಗಮಪ್ಪ ತಿರುಗಾಡಿ ಬರುವಾಗ ಓಣಿಯ ತಿರುವಿನಲ್ಲೇ ಲವಂಗದ ವಾಸನೆ ಬಂತು. ಯಾರ ಮನೆಯದೋ ಎಂದುಕೊಂಡು ನಡೆದ. ಗೇಟು ತೆರೆದಾಗ ಅದು ತನ್ನ ಮನೆಯದೇ ಎಂದು ತಿಳಿಯಿತು.

ಹಿತ್ತಲಿನಲ್ಲಿ ಸುಂದರವ್ವ ಒರಳಿನ ಮುಂದೆ ಕುಳಿತಿದ್ದಳು. ಹುರಿದ ಲವಂಗ, ದಾಲ್ಚಿನ್ನಿ, ಯಾಲಕ್ಕಿ, ಬಡೆಸೋಪು ಮೊರದಲ್ಲಿ ಬೇರೆ ಬೇರೆ ಗುಂಪಾಗಿ ಆರುತ್ತಿದ್ದವು. ಕುಟ್ಟಿದ ಒಣಶುಂಠಿಯನ್ನು ಸೊಸೆ ಸಪ್ನಾ ಜರಡಿ ಹಿಡಿಯುತ್ತಿದ್ದಳು. ಜಾಜಿಕಾಯಿಯನ್ನು ಹುರಿಯುವಂತಿಲ್ಲ, ತುರಿದು ಕಡೆಗೆ ಬೆರೆಸಬೇಕು. ಅದನ್ನು ಸುಂದರವ್ವ ಯಾರ ಕೈಗೂ ಕೊಟ್ಟಿರಲಿಲ್ಲ.

"ಏನ ಕುಟ್ಟಾಕತ್ತೀ?" ಎಂದ ಲಗಮಪ್ಪ.

"ಹುಣ್ಣಿವಿ ಪುಡಿ."

"ಯಾವ ಹುಣ್ಣಿವಿ?"

"ಶೀಗಿ ಹುಣ್ಣಿವಿ. ನಮ್ಮವ್ವ ಮಾಡತಿದ್ಲಲ್ಲ, ಅದ. ಈ ಸಲ ನಮ್ಮ ಹೊಲದಾಗ ಚರಗ ಚೆಲ್ಲತೇನಿ."

ಲಗಮಪ್ಪ ಚಪ್ಪಲಿ ಬಿಡದೆ ಅಲ್ಲೇ ನಿಂತ. ಬೆಳೆ ಹೊತ್ತ ಹೊಲವನ್ನು ಬಸುರಿ ಎಂದು ತಿಳಿದು, ಶೀಗಿ ಹುಣ್ಣಿಮೆಯ ದಿನ ಕಡಬು, ರೊಟ್ಟಿ, ಪಲ್ಯ ಒಯ್ದು, ಮೊದಲ ತುತ್ತು ಹೊಲಕ್ಕೆ ಚರಗವೆಂದು ಚೆಲ್ಲಿ ಆಮೇಲೆ ತಾವು ಉಣ್ಣುವುದು ಈ ಸೀಮೆಯ ರೂಢಿ. ಲಗಮಪ್ಪನ ಮನೆಯಲ್ಲಿ ಆ ರೂಢಿ ಇರಲಿಲ್ಲ. ಮದುವೆಗೆ ಮೊದಲೇ ಅವನು ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದ. ಹಾಗೆಂದು ಉಗಾದಿಯ ಹೋಳಿಗೆಗಾಗಲಿ, ದೀಪಾವಳಿಯ ಕರ್ಚಿಕಾಯಿಗಾಗಲಿ ಅವನ ತಕರಾರಿರಲಿಲ್ಲ. ಹುಣ್ಣಿಮೆಯ ಕುಂಬಳಕಾಯಿ ಕಡಬು ಮಾತ್ರ ಮನೆಯೊಳಗೆ ಬರಕೂಡದು. ಮದುವೆಯಾದ ವರ್ಷವೇ ಹೇಳಿದ್ದ. ಕಾರಣವನ್ನೂ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದ. ಅವನ ತಾಯಿ ಪ್ರತಿ ಹುಣ್ಣಿಮೆಗೆ ಗೌಡರ ಹೊಲದ ಬದುವಿಗೆ ನಿಂತು, ಸೆರಗು ಒಡ್ಡಿ, ಅವರು ಹಾಕಿದ ಕಡಬು ತರುತ್ತಿದ್ದಳು.

"ಈ ಮನ್ಯಾಗ ಕಡಬ ಆಗೂದಿಲ್ಲ" ಎಂದ ಲಗಮಪ್ಪ.

"ಆಗ ನಮಗ ಹೊಲ ಇರಲಿಲ್ಲ. ಈಗ ಐತಿ."

"ಹೊಲ ಐತಿ ಅಂತ ಅವರಂಗ ಕುಣೀಬೇಕೇನ?"

"ಪುಡಿ ಆಗಿ ಹೋತಲ್ಲ. ಇಷ್ಟೂ ಏನ ಮಾಡ್ಲಿ? ನನ್ನ ದುಡ್ಡಿನ ಯಾಲಕ್ಕಿ ಐತಿ ಇದರಾಗ."

"ಚಹಾದಾಗ ಹಾಕ್ಕೊ. ಸಾರಿನ್ಯಾಗ ಹಾಕ್ಕೊ. ಬೇಕಂದ್ರ ಬದನಿಕಾಯಿಗೂ ಹಾಕ್ಕೊ. ಕಡಬ ಮಾತ್ರ ಬ್ಯಾಡ."

"ಆತು ಬಿಡ್ರಿ" ಎಂದಳು ಸುಂದರವ್ವ. ಅಷ್ಟು ಬೇಗ ಒಪ್ಪಿದ್ದು ನೋಡಿ ಸಪ್ನಾ ಜರಡಿ ನಿಲ್ಲಿಸಿ ಅತ್ತೆಯ ಮುಖ ನೋಡಿದಳು.

ಒಂದು ತಾಸಿನ ಮೇಲೆ ಬಂದ ಚಹಾದ ಮೊದಲ ಗುಟುಕಿಗೇ ಲಗಮಪ್ಪನ ಹುಬ್ಬು ಗಂಟಿಕ್ಕಿತು.

"ಏನಿದು?"

"ನೀವ ಅಂದ್ರಲ್ಲ."

ಮಗಳು ಪ್ರಜ್ಞಾ ಪುಸ್ತಕ ಮುಚ್ಚಿ ನಕ್ಕಳು. ಅವಳು ಬಿ.ಎಡ್. ಓದುತ್ತಿದ್ದಳು. "ಅಪ್ಪಾ, ಸಾಕ್ಷಿ ನಾನದೇನಿ. ನೀನ ಅಂದಿ."

ಲಗಮಪ್ಪ ಅರ್ಧ ಚಹಾ ಕುಡಿದು ಕಪ್ಪು ಇಟ್ಟ. ಉಳಿದರ್ಧವನ್ನು ಚೆಲ್ಲಲು ಅವನಿಗೂ ಮನಸ್ಸಾಗಲಿಲ್ಲ.

ಅಲ್ಲಿಂದ ಬೈಲಹೊಂಗಲದ ಆ ಮನೆಯ ಅಡುಗೆ ಬದಲಾಯಿತು. ಹುರುಳಿ ಕಟ್ಟಿನ ಸಾರಿಗೆ ಕುದಿ ಬಂದ ಮೇಲೆ ಒಂದು ಚಿಟಿಕೆ ಬಿತ್ತು. ಮಗ ಅರ್ಜುನ ಎರಡು ಸಲ ಅನ್ನ ಹಾಕಿಸಿಕೊಂಡ. ಸಜ್ಜೆ ಹಿಟ್ಟಿಗೆ ಬೆಲ್ಲದ ನೀರು, ಎಳ್ಳು, ಈ ಪುಡಿ ಹಾಕಿ ತಟ್ಟಿದ ರೊಟ್ಟಿಗೆ ಬೆಣ್ಣೆ ಹಚ್ಚಿ ಸಪ್ನಾ ನಿಂತೇ ತಿಂದಳು. ಭಾನುವಾರದ ಮಟನ್ ಸಾರಿಗೆ ಸುಂದರವ್ವ ಖಾರ ಕಡಿಮೆ ಮಾಡಿ, ಇಳಿಸುವ ಹೊತ್ತಿಗೆ ಪುಡಿ ಉದುರಿಸಿ ಮುಚ್ಚಳ ಮುಚ್ಚಿದಳು. ಬೇಯಿಸಿದ ಮೊಟ್ಟೆಯನ್ನು ಸೀಳಿ, ಹುರಿದ ಉಳ್ಳಾಗಡ್ಡಿಯಲ್ಲಿ ಹೊರಳಿಸಿ, ಮೇಲೆ ಚಿಮುಕಿಸಿದ್ದೂ ಆಯಿತು. ಎಲ್ಲವೂ ಗೆಲ್ಲಲಿಲ್ಲ. ಉಪ್ಪಿಟ್ಟಿನ ಮೊದಲ ತುತ್ತಿಗೇ ಅರ್ಜುನ ನೀರು ಕುಡಿದ.

"ಅವ್ವಾ, ಇದರಾಗ ಹಲ್ಲಿನ ಪುಡಿ ಬಿತ್ತೇನ?"

"ರವಾಕ್ಕ ಲವಂಗ ಒಗ್ಗೂದಿಲ್ಲ" ಎಂದು ಸುಂದರವ್ವ ಒಪ್ಪಿಕೊಂಡಳು. "ನಾಳಿ ಮಜ್ಜಿಗ್ಯಾಗ ನೋಡೂಣು."

"ನೋಡೂದ ಬ್ಯಾಡ. ಅಪ್ಪಗ ನೀ ಹಟ ಮಾಡು, ನನ್ನ ಹೊಟ್ಟಿ ಮ್ಯಾಲ್ಯಾಕ?" ಅರ್ಜುನ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. "ಇಬ್ರೂ ಸೇರಿ ನನ್ನ ನಡುವ ಹಾಕಬ್ಯಾಡ್ರಿ."

"ಕರೆಂಟಿನ ಕಂಬ ಏರತೀ, ಮನ್ಯಾಗ ನಡುವ ನಿಂದ್ರಾಕ ಹೆದರತೀಯೇನ?"

"ಕಂಬದ ಮ್ಯಾಲ ಏರೂಮುಂದ ಲೈನ್ ಬಂದ್ ಮಾಡಸ್ತೇವಿ, ಅವ್ವಾ. ಇಲ್ಲಿ ಬಂದ್ ಮಾಡಾಕ ಸ್ವಿಚ್ಚೆಲ್ಲೈತಿ?"

ಲಗಮಪ್ಪ ಜಗಳ ಮಾಡಲಿಲ್ಲ. ಒಂದು ಮಧ್ಯಾಹ್ನ ಅಂಗಿ ಹಾಕಿಕೊಂಡು, "ನಾ ಹೊರಗ ಉಂತೇನಿ" ಎಂದು ಹೊರಟ.

ಬಸ್ ನಿಲ್ದಾಣದ ಹಿಂದೆ ಶಬನಮ್‌ಳ ಖಾನಾವಳಿ ಇದೆ. ಸುಂದರವ್ವ ವರ್ಷಗಳಿಂದ ಮುಂಜಾನೆ ಅಲ್ಲಿ ರೊಟ್ಟಿ ಬಡಿಯುತ್ತಾಳೆ. ಹೊಲದ ಕೆಲಸ ಇದ್ದ ದಿನ ಮಾತ್ರ ರಜೆ. ಹಾಗಾಗಿ ಲಗಮಪ್ಪ ಬೇರೆ ಕಡೆ ನೋಡಬೇಕಿತ್ತು. ಆದರೆ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದಾಗಿನಿಂದ ಅವನ ಕಾಲಿಗೆ ಗೊತ್ತಿದ್ದ ದಾರಿ ಅದೊಂದೇ. ಹೋಗಿ ಕುಳಿತ. ಶಬನಮ್ ತಾಟು ತಂದಿಟ್ಟಳು.

"ಲಗಮಪ್ಪಣ್ಣಾರ, ಏನ ಅಪರೂಪ! ರೊಟ್ಟಿ ನಿಮ್ಮ ಮನಿಯವರದ ಅದಾವ್ರಿ. ಬದನಿಕಾಯಿ ರುಚಿ ನೋಡ್ರಿ."

ಅವನು ಎಣ್ಣೆಗಾಯಿ ಮುರಿದು ಬಾಯಿಗಿಟ್ಟ. ಅಗಿಯುವುದು ಅಲ್ಲಿಗೇ ನಿಂತಿತು.

"ನಾಕ ದಿನದಿಂದ ಇದಕ್ಕ ಭಾಳ ಗಿರಾಕಿ ಅದಾರ್ರಿ" ಎಂದಳು ಶಬನಮ್. "ಶೇಂಗಾಪುಡಿ ಜೋಡಿ ನಿಮ್ಮ ಮನಿಯವರ ಪುಡಿ ಒಂದೀಟ. ಡಬ್ಬಿಯಾಗ ತಂದ ಕೊಟ್ಟಾರ. 'ನಮ್ಮ ಮನಿಯವರ ಹೇಳ್ಯಾರ, ಬದನಿಕಾಯಿಗೆ ಹಾಕು' ಅಂದ್ರು."

ಲಗಮಪ್ಪ ತಾಟು ಬಿಟ್ಟು ಏಳಲು ನೋಡಿದ. ಎದುರಿನ ಬೆಂಚಿನಲ್ಲಿ ಡಿಪೋದ ಇಬ್ಬರು ಚಾಲಕರು ಅದೇ ಬದನೆಕಾಯಿಯನ್ನು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರು. ಅವರ ಮುಂದೆ ಎದ್ದರೆ ಕಾರಣ ಹೇಳಬೇಕಾಗುತ್ತಿತ್ತು. ಕೂತು ಉಂಡ. ಮರುದಿನದಿಂದ ಮನೆಯಲ್ಲೇ ಉಂಡ. ಪುಡಿ ಬಿದ್ದ ಪದಾರ್ಥವನ್ನು ತಾಟಿನ ಅಂಚಿಗೆ ಸರಿಸಿ, ಅದು ಕಾಣುವಂತೆ ಇಟ್ಟು ಏಳುತ್ತಿದ್ದ.

"ತಾಟ ನೀವ ತೊಳೀರಿ. ಬಿಟ್ಟಾವರ ಬಳೀಬೇಕು" ಎಂದಳು ಸುಂದರವ್ವ. ತೊಳೆದ. ಅದೂ ಜಿದ್ದಿಗೇ.

ವಿಜಯದಶಮಿಗೆ ವಿಹಾರದಲ್ಲಿ ಧಮ್ಮಚಕ್ರ ದಿನದ ಕಾರ್ಯಕ್ರಮ. ಲಗಮಪ್ಪ ಸಮಿತಿಯ ಅಧ್ಯಕ್ಷ. ಪ್ರತಿ ಮನೆಯಿಂದ ಒಂದು ತಿನಿಸು ಬರಬೇಕೆಂದು ಅವನೇ ಹೇಳಿ ಕಳಿಸಿದ್ದ. ಸಪ್ನಾ ರಾಮದುರ್ಗದ ಹುಡುಗಿ, ಮದುವೆಯಾಗಿ ಒಂದೂವರೆ ವರ್ಷ. ಅವಳು ಫೋನು ನೋಡಿಕೊಂಡು ಕುಕ್ಕರಿನಲ್ಲಿ ಕೇಕು ಮಾಡಲು ಹೊರಟಳು. ತಳಕ್ಕೆ ಉಪ್ಪು ಹರಡಿ, ಸೀಟಿ ತೆಗೆದಿಟ್ಟು, ಗೋಧಿ ಹಿಟ್ಟಿಗೆ ಬೆಲ್ಲ, ಮೊಸರು, ಸೋಡಾ ಬೆರೆಸಿದಳು.

"ಗಟ್ಟಿ ಆಗೈತಿ ಅತ್ತಿ. ಏನರ ಹಾಕಬೇಕ್ರಿ."

"ಕುಂಬಳಕಾಯಿ ತುರದ ಹಾಕು."

"ಮಾವಾರು..."

"ಅವರು ಕಡಬ ಬ್ಯಾಡ ಅಂದಾರ. ಇದರ ಹೆಸರ ಕಡಬೇನ?"

ಎರಡು ಚಮಚ ಪುಡಿಯೂ ಬಿತ್ತು. ವಿಹಾರದಲ್ಲಿ ಕೇಕಿನ ತಟ್ಟೆ ಎಲ್ಲಕ್ಕಿಂತ ಮೊದಲು ಖಾಲಿಯಾಯಿತು. ಹೆಂಗಸರು ಸುಂದರವ್ವನನ್ನು ಸುತ್ತುವರಿದು ಪುಡಿಯ ಅಳತೆ ಕೇಳಿದರು. ಅವಳು ಹೇಳಿದಳು, ಯಾತಕ್ಕೆ ಕುಟ್ಟಿದ್ದೆಂಬುದನ್ನೂ ಮುಚ್ಚಿಡಲಿಲ್ಲ. ಅದು ಗಂಡಸರ ಕಡೆಗೂ ಹೋಯಿತು. ಸಮಿತಿಯ ಕಾಡಪ್ಪ ಮೈಕು ಬಂದ್ ಆಗಿದೆಯೇ ಎಂದು ನೋಡಿ, ಆದರೂ ಎಲ್ಲರಿಗೆ ಕೇಳುವಷ್ಟು ಜೋರಾಗಿ ಅಂದ: "ಅಧ್ಯಕ್ಷರ, ದೇವರ ಪೂಜಿ ಮಾಡೂದಿಲ್ಲಂತ ದೀಕ್ಷಾದ ಇಪ್ಪತ್ತೆರಡ ಪ್ರತಿಜ್ಞಾ ಓದಿಸಾವರು ನೀವು. ಹುಣ್ಣಿವಿಗೆ ನಿಮ್ಮ ಮನಿಯವರ ಚರಗ ಚೆಲ್ಲತಾರಂತಲ್ಲ?"

ಮನೆಗೆ ಬಂದ ಮೇಲೆ ಲಗಮಪ್ಪನ ದನಿ ಏರಿತು.

"ಮಂದಿ ಮುಂದ ನನ್ನ ಮರ್ಯಾದಿ ಕಳದಿ."

"ನಾಕ ಮಂದಿ ಚಲೋ ಅಂದ್ರು. ಅದು ಮರ್ಯಾದಿ ಕಳಿಯೂದೇನ?"

"ಹೊಲಕ್ಕ ದೇವರಂತ ಕೈ ಮುಗೀತೀ. ಅದಕ್ಕ ನಾ ದೀಕ್ಷಾ ತಗೊಂಡ್ನೇನ?"

"ಕೈ ಮುಗೀತೇನಿ ಅಂತ ಯಾರ ಅಂದ್ರು? ಅದು ನಮಗ ಉಣ್ಣಾಕ ಕೊಡ್ತದ. ಒಂದ ದಿನ ಅದಕ್ಕ ಉಣಸ್ತೇನಿ ಅಂದೆ."

ಪ್ರಜ್ಞಾ ಗೋಡೆಯ ಮೇಲಿನ ಬುದ್ಧನ ಚಿತ್ರ ತೋರಿಸಿದಳು. ಒಂದು ಕೈ ತೊಡೆಯ ಮೇಲಿತ್ತು, ಇನ್ನೊಂದು ನೆಲ ಮುಟ್ಟಿತ್ತು. "ಅಪ್ಪಾ, ಆತನೂ ಭೂಮಿನ ಸಾಕ್ಷಿಗೆ ಕರದಿದ್ದ."

"ಕರದಿದ್ದ. ಕಡಬ ತಿನ್ನಿಸಿರಲಿಲ್ಲ."

ಪ್ರಜ್ಞಾ ಮತ್ತೆ ಪುಸ್ತಕ ತೆರೆದಳು. ಸುಂದರವ್ವ ಮುಂದೆ ಬಂದಳು.

"ಹೊಲ ನನ್ನ ಹೆಸರಿಲೆ ಐತಿ."

ನೇಸರಗಿಯ ಆಚೆ, ಲಗಮಪ್ಪ ಹುಟ್ಟಿದ ಊರಿನಲ್ಲಿ, ಗೌಡರ ಮನೆ ಹಿಸ್ಸೆಯಾದ ಮೇಲೆ ಒಬ್ಬ ಪಾಲುದಾರ ಮಾರಿದ ಎರಡೆಕರೆ ಅದು. ನಿವೃತ್ತಿಯ ಹಣದಲ್ಲಿ ಕೊಂಡದ್ದು. ಹೆಣ್ಣಿಗೆ ಆಸ್ತಿಯ ಹಕ್ಕಿರಬೇಕೆಂದು ವಿಹಾರದಲ್ಲಿ ಭಾಷಣ ಮಾಡುವವನು ತಾನೇ ಮಾಡದಿದ್ದರೆ ಹೇಗೆ ಎಂದು ಲಗಮಪ್ಪ ಹೆಂಡತಿಯ ಹೆಸರಿಗೇ ಖರೀದಿ ಮಾಡಿಸಿದ್ದ. ಆ ವಿಷಯವನ್ನು ವರ್ಷವಿಡೀ ಕಂಡವರಿಗೆಲ್ಲ ಹೇಳಿದ್ದೂ ಅವನೇ.

"ಹೆಸರಿಲೆ ಐತಿ ಅಂತ ನನಗ ತಿರಗಿ ನಿಂದ್ರತೀ?"

"ಹೆಸರ ಹಾಕಿಸೂಮುಂದ ನೀವ ಅಂದಿದ್ರಿ. 'ಇನ್ನ ನಿನಗ ಯಾರ ಅಪ್ಪಣಿನೂ ಬೇಕಿಲ್ಲ' ಅಂತ. ಯಾರದೂ ಅಂದ್ರ ನಿಮ್ಮದೂ ಬಂತಲ್ಲ ಅದರಾಗ?"

ಲಗಮಪ್ಪ ಎದ್ದು ಹೊರಗೆ ಹೋಗಿ, ಕೆಟ್ಟಿರದ ಬೈಕಿನ ಚೈನಿಗೆ ಎಣ್ಣೆ ಬಿಟ್ಟ.

ಹುಣ್ಣಿಮೆಗೆ ಎರಡು ದಿನ ಮುಂಚೆ ಸಿರಸಂಗಿಯಿಂದ ಅವನ ಅಕ್ಕ ಬಾಯವ್ವ ಬಂದಳು. ಎಪ್ಪತ್ತರ ಸುಮಾರು. ಬಸ್ಸಿಳಿದು ನಡೆದೇ ಬಂದು, ಕಟ್ಟೆಯ ಮೇಲೆ ಕುಳಿತು ಎಲೆಯಡಿಕೆ ಚೀಲ ಬಿಚ್ಚಿದಳು. ಸುಂದರವ್ವ ಅವಳ ಮುಂದೆ ಕುಂಬಳಕಾಯಿ ಗಾರಿಗೆ ಇಟ್ಟಳು. ಹಿಟ್ಟಿನಲ್ಲೇ ಪುಡಿ ಕಲಸಿ ಕರಿದದ್ದು. ಬಾಯವ್ವ ಮುರಿದು ಮೂಸಿದಳು.

"ಇದೇನ ಹಾಕೀ ಇದರಾಗ?"

"ಕಡಬಿಗೆ ಹಾಕೂ ಪುಡಿ, ಅಕ್ಕಾರ. ಕಡಬ ಮಾಡಂಗಿಲ್ಲಂತ. ಅದಕ್ಕ ಗಾರಗಿ ಮಾಡೀನಿ."

"ಕಡಬಿಗೆ ಇದನ್ನ ಹಾಕತಾರ?" ಬಾಯವ್ವ ತಿಂದಳು. ಇನ್ನೊಂದು ಕೇಳಿ ತೆಗೆದುಕೊಂಡಳು. "ನಾವ ತಿಂದ ಕಡಬಿಗೆ ವಾಸನಿನ ಇರಲಿಲ್ಲವಾ."

"ಗೌಡ್ರ ಮನಿ ಕಡಬಿಗೆ?"

"ಗೌಡ್ರ ಮನ್ಯಾಗ ಎರಡು ಕಡಾಯಿ ಏರತಿದ್ದು. ಒಂದ ಮನಿಯವರಿಗೆ, ಬೆಲ್ಲ, ಯಾಲಕ್ಕಿ, ಎಲ್ಲಾ ಹಾಕಿ. ಇನ್ನೊಂದ ಆಳಿಗೆ. ಬರೇ ಕುಂಬಳಕಾಯಿ, ಉಪ್ಪು, ಹೆಸರಿಗೆ ಒಂದೀಟ ಬೆಲ್ಲ. ಆ ಆಳಿನ ಕಡಾಯಿಗೆ ಹಿತ್ತಲದಾಗ ನಾನ ಹಿಟ್ಟ ನಾದಿ ಕೊಡತಿದ್ದೆ. ಕೊಟ್ಟಿಗಿ ಬಾಗಲಾಚೆ ನಿಂತು."

ಲಗಮಪ್ಪ ಒಳಗೆ ದಿನಪತ್ರಿಕೆ ಓದುತ್ತಿದ್ದ. ಎದ್ದು ಬಾಗಿಲಿಗೆ ಬಂದ.

"ಏನಂದಿ ಅಕ್ಕಾ?"

"ನಿನಗ ಗೊತ್ತಿರಲಿಲ್ಲೇನ?"

"ಎರಡು ಕಡಾಯಿ?"

"ಹೂಂ."

"ಅವ್ವಗ ಗೊತ್ತಿತ್ತು?"

"ಗೊತ್ತಿತ್ತು. ಒಂದ ಸಲ ಕೇಳಿದ್ಲು. 'ಗೌಡಶಾನಿ, ನಮ್ಮ ಕಡಬ ಯಾಕ ಘಮಾಸೂದಿಲ್ಲ' ಅಂತ. 'ನಿಮಗ್ಯಾಕ ಬೇಕ ಘಮ' ಅಂದ್ಲಾಕಿ. ಎಲ್ಲಾರೂ ನಕ್ರು. ಅವ್ವನೂ ನಕ್ಳು."

"ಗೊತ್ತಿದ್ದೂ ಮರುವರ್ಷ ಸೆರಗ ಒಡ್ಡಿದ್ಲು?"

ಬಾಯವ್ವ ಗಾರಿಗೆಯ ತಟ್ಟೆ ಕೆಳಗಿಟ್ಟಳು. "ನೀ ಹಸದಿದ್ದೆಲ್ಲೋ, ಲಗಮ್ಯಾ."

ಲಗಮಪ್ಪನಿಗೆ ಒಂಬತ್ತು ವರ್ಷವಿದ್ದಾಗ ಒಮ್ಮೆ ಆ ಕಡಬನ್ನು ಗಟಾರಕ್ಕೆ ಎಸೆದು ತಾಯಿಯಿಂದ ಏಟು ತಿಂದದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

"ಕೇಳಿದ್ರಿಲ್ಲೋ?" ಎಂದಳು ಸುಂದರವ್ವ. "ನೀವ ಬ್ಯಾಡ ಅಂದದ್ದು ಅವರ ಆಳಿನ ಕಡಬ. ನಮ್ಮವ್ವನ ಕಡಬ ನೀವ ತಿಂದ ಇಲ್ಲ. ಆಕಿನೂ ಕೂಲಿಯಾಕಿನ. ಮಸಾಲಿ ಅಂಗಡ್ಯಾಗ ಜರಡಿ ಹಿಡಿದು, ಕೂಲಿ ಬದಲಿ ಒಂದ ಹಿಡಿ ಯಾಲಕ್ಕಿ ಲವಂಗ ಕೇಳಿ ತರತಿದ್ಲು. ನಮಗೂ ಹೊಲ ಇರಲಿಲ್ಲ. ಹಿತ್ತಲದಾಗಿನ ಒಂದ ಬಳ್ಳಿಗೆ ಚರಗ ಚೆಲ್ಲತಿದ್ಲು. ಯಾರ ಬದುವಿಗೂ ಹೋಗಲಿಲ್ಲ."

"ಇದನ್ನ ಕೇಳಿದ ಮ್ಯಾಲಂತೂ ಬ್ಯಾಡ" ಎಂದ ಲಗಮಪ್ಪ.

"ಇದನ್ನ ಕೇಳಿದ ಮ್ಯಾಲಂತೂ ಬೇಕ."

ಹುಣ್ಣಿಮೆಯ ಬೆಳಿಗ್ಗೆ ಸಪ್ನಾ ಒಲೆ ಹೊತ್ತಿಸಲು ಹೋಗಿ ಕೂಗಿದಳು.

"ಅತ್ತಿ, ಸಿಲಿಂಡರದ ರೆಗ್ಯುಲೇಟರ ಇಲ್ರಿ!"

ಬೈಕೂ ಇರಲಿಲ್ಲ, ಲಗಮಪ್ಪನೂ ಇರಲಿಲ್ಲ. ಸುಂದರವ್ವ ಸಿಲಿಂಡರಿನ ಬೋಳು ಬಾಯಿ ನೋಡಿ ನಕ್ಕಳು.

"ಮೆಕ್ಯಾನಿಕ್ ಬುದ್ಧಿ ನೋಡು. ಬಿಚ್ಚಿ ಕಿಸೆದಾಗ ಇಟ್ಕೊಂಡ ಹೋಗ್ಯಾರ. ಗಾಡಿ ನಿಂದ್ರಿಸಿದೆ ಅಂತ ತಿಳದಾರ."

ಹಿತ್ತಲಿನಲ್ಲಿ ನೀರು ಕಾಸುವ ಒಲೆಯಿತ್ತು. ಹೊಲದಿಂದ ತಂದ ಹತ್ತಿ ಕಟ್ಟಿಗೆ ಇತ್ತು. ಪ್ರಜ್ಞಾ ಕುಂಬಳಕಾಯಿ ತುರಿದಳು, ಬಾಯವ್ವ ಹಿಟ್ಟು ನಾದಿದಳು. ಬೆಲ್ಲ ಕರಗಿ ಹೂರಣ ಗಟ್ಟಿಯಾಗುವ ಹೊತ್ತಿಗೆ ಸುಂದರವ್ವ ಡಬ್ಬಿ ತೆಗೆದು, ಅಳತೆ ನೋಡದೆ, ಕೈಯಿಂದಲೇ ಪುಡಿ ಹಾಕಿದಳು. ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು. ಅರ್ಜುನ ಡ್ಯೂಟಿಗೆ ಹೊರಟವನು ಎಣ್ಣೆಯಿಂದ ತೆಗೆದ ಮೊದಲ ಕಡಬಿಗೆ ಕೈ ಚಾಚಿದ. ಸುಂದರವ್ವ ಜಾಲರಿ ಸೌಟಿನಿಂದ ಅವನ ಕೈಗೆ ಹೊಡೆದಳು.

"ಮೊದಲ ಹೊಲಕ್ಕ."

"ನಡುವ ನಿಂತಾವಗ ಇಷ್ಟರ ಇರಬೇಕಲ್ಲ, ಅವ್ವಾ."

ಬುಟ್ಟಿ ಹೊತ್ತು ನಾಲ್ವರು ಹೆಂಗಸರೂ ಬಸ್ಸಿನಲ್ಲಿ ನೇಸರಗಿಗೆ ಹೋಗಿ, ಅಲ್ಲಿಂದ ಟಂಟಂ ಆಟೋ ಹಿಡಿದರು. ಹೊಲದ ಅರ್ಧ ಭಾಗದಲ್ಲಿ ಸೋಯಾ ಕೊಯ್ದಾಗಿತ್ತು. ಉಳಿದರ್ಧದಲ್ಲಿ ಹತ್ತಿ ಕಾಯಿ ಅಲ್ಲಲ್ಲಿ ಒಡೆದಿತ್ತು. ಬದುವಿನ ಆಚೆ ಗೌಡರ ಹೊಲ. ಅಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಹತ್ತಿಪ್ಪತ್ತು ಮಂದಿ ಬೇವಿನ ಗಿಡದ ಕೆಳಗೆ ಜಮಖಾನ ಹಾಸಿ ಕುಳಿತಿದ್ದರು. ಚರಗ ಮುಗಿದು ಊಟ ಸಾಗಿತ್ತು.

ಆ ಮನೆಯ ಹಿರಿಯಳು ಸೀತವ್ವ. ಇವರನ್ನು ಕಂಡು ಎದ್ದು, ಡಬ್ಬಿ ಹಿಡಿದು ಬದುವಿನವರೆಗೆ ಬಂದಳು.

"ಬಾಯವ್ವ ಅಲ್ಲೇನ ನೀ? ಎಷ್ಟ ವರ್ಷ ಆತ! ಬಾ, ಕಡಬ ತಗೋ, ಸೆರಗ ಒಡ್ಡು."

ಅವಳ ದನಿಯಲ್ಲಿ ಕೆಡುಕಿರಲಿಲ್ಲ. ಹಳೆಯ ಪರಿಚಯದವಳನ್ನು ಕಂಡ ಖುಷಿಯೇ ಇತ್ತು. ಬಾಯವ್ವನ ಕೈ ತಾನಾಗಿ ಸೆರಗಿನ ತುದಿಗೆ ಹೋಯಿತು. ಎರಡೂ ಕೈಯಲ್ಲಿ ಹಿಡಿದು ಜೋಳಿಗೆ ಮಾಡಿ ಬದುವಿನ ಕಡೆ ಒಂದು ಹೆಜ್ಜೆ ಇಟ್ಟುಬಿಟ್ಟಳು. ಹಾಗೆ ಮಾಡುತ್ತಿದ್ದೇನೆಂದು ಅವಳಿಗೆ ತಿಳಿದೇ ಇರಲಿಲ್ಲ.

ಸುಂದರವ್ವ ಬುಟ್ಟಿ ಇಳಿಸಿ, ಓಡಿ ಹೋಗಿ ಆ ಕೈ ಹಿಡಿದಳು. ಸೆರಗನ್ನು ಬಿಡಿಸಿ ಹೆಗಲ ಮೇಲೆ ಹೊದಿಸಿದಳು.

"ಸೆರಗ ಬ್ಯಾಡ್ರಿ ಅವ್ವಾರ. ತಾಟ ಅದಾವ" ಎಂದಳು ಸೀತವ್ವನಿಗೆ. "ನಿಮ್ಮ ಕಡಬ ಇಸ್ಕೊತೇವಿ. ಮೊದಲ ನಮ್ಮದ ತಗೋರಿ. ಹೊಲ ಈಗ ನಮ್ಮದು, ಚರಗನೂ ನಮ್ಮದು."

ತಾಟಿನಲ್ಲಿ ಐದು ಕಡಬು ಇಟ್ಟು ಬದುವಿನ ಮೇಲೆ ಹಿಡಿದು ನಿಂತಳು. ಬೇವಿನ ಗಿಡದ ಕೆಳಗೆ ಊಟ ನಿಂತಿತು. ಸೀತವ್ವ ಹಿಂದಿರುಗಿ ತನ್ನವರನ್ನು ನೋಡಿದಳು. ಗಂಡಸರಲ್ಲಿ ಒಬ್ಬ ಫೋನು ತೆಗೆದು ನೋಡತೊಡಗಿದ.

"ಅಲ್ಲೇ ಬದುವಿನ ಮ್ಯಾಲ ಇಡವಾ" ಎಂದಳು ಸೀತವ್ವ. "ಆಮ್ಯಾಲ ತಗೋತೇವಿ."

"ಬದುವಿನ ಮ್ಯಾಲ ಇರುವಿಗೆ ಇಡತಾರ್ರಿ. ಮನಷ್ಯಾರಿಗೆ ಕೈಯಾಗ ಕೊಡತಾರ. ತಗೊಂಡ್ರ ತಗೋರಿ, ಇಲ್ಲಂದ್ರ ನಿಮ್ಮ ಡಬ್ಬಿ ನಿಮಗ."

"ಎಷ್ಟ ಮಾತವಾ ನಿನಗ!"

"ಮಾತ ಎಷ್ಟರ ಇರಲಿ, ಕಡಬ ಐದ ಅದಾವ್ರಿ. ಕೈ ನೋಯಾಕತ್ತೇತಿ."

ಸೀತವ್ವ ತನ್ನ ಡಬ್ಬಿಯಿಂದ ನಾಲ್ಕು ಕಡಬು ತೆಗೆದು ಬದುವಿನ ಕಲ್ಲಿನ ಮೇಲೆ ಇಟ್ಟು ಹೋದಳು. ಕೊಡುವುದನ್ನು ಕೊಟ್ಟಾಯಿತು ಎನ್ನುವಂತೆ. ಸುಂದರವ್ವ ಅದನ್ನು ಮುಟ್ಟಲಿಲ್ಲ. ತನ್ನ ತಾಟು ತಿರುಗಿ ತಂದಳು.

ಆಗ ಕಂಡದ್ದು, ರಸ್ತೆಯ ಅಂಚಿಗೆ ಲಗಮಪ್ಪನ ಬೈಕು. ಅವನು ಅದರ ಮೇಲೆಯೇ ಕುಳಿತಿದ್ದ. ಎಷ್ಟು ಹೊತ್ತಿನಿಂದಲೋ, ಯಾರಿಗೂ ಗೊತ್ತಿಲ್ಲ. ಇಳಿದು, ಕೊಯ್ದ ಸೋಯಾದ ಕೂಳೆಗಳ ಮೇಲೆ ನಡೆದು ಬಂದ. ಸಪ್ನಾ ಹೆದರಿ ಬುಟ್ಟಿಗೆ ಅರಿವೆ ಮುಚ್ಚಿದಳು.

ಲಗಮಪ್ಪ ಮೊದಲು ಅಕ್ಕನನ್ನು ನೋಡಿದ. ಬಾಯವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿ ನೆಲ ನೋಡುತ್ತಿದ್ದಳು.

"ಅಕ್ಕಾ, ಕೈ ಹೊರಗ ತಗಿ. ಕಳುವು ಮಾಡಿದವರಂಗ ಯಾಕ ನಿಂತೀ?"

ಅವಳು ತೆಗೆದಳು. ಲಗಮಪ್ಪ ಹೆಂಡತಿಯ ಕಡೆ ತಿರುಗಿದ.

"ಒಂದ ಕೊಡಿಲ್ಲೆ."

"ಮೊದಲ ಹೊಲಕ್ಕ."

"ಹೊಲಕ್ಕ ಆಮ್ಯಾಲ. ಅವರು ನೋಡಾಕತ್ತಾರ. ಅವರು ನೋಡೂಮುಂದ ತಿನ್ನಬೇಕು."

ಸುಂದರವ್ವ ಒಂದು ಕ್ಷಣ ಯೋಚಿಸಿ ತಾಟು ಮುಂದೆ ಹಿಡಿದಳು. ಲಗಮಪ್ಪ ಬದುವಿಗೆ ಮುಖ ಮಾಡಿ ನಿಂತು, ಕಡಬನ್ನು ನಡುವೆ ಮುರಿದ. ಹಬೆ ಉಳಿದಿರಲಿಲ್ಲ, ಘಮ ಇತ್ತು. ಅವಸರ ಮಾಡದೆ ಪೂರ್ತಿ ತಿಂದು, ಬೆರಳು ಒರೆಸಿಕೊಂಡ.

"ಶುಂಠಿ ಜಾಸ್ತಿ ಆಗೇತಿ."

"ಹತ್ತಿ ಕಟಗಿ ಒಲಿ 'ಭಗ್' ಅಂತ ಉರೀತದ. ಕಣ್ಣಾಗ ಹೊಗಿ. ಅಳತಿ ತಪ್ಪೇತಿ. ಗ್ಯಾಸ್ ಇದ್ದಿದ್ರ ತಪ್ಪತಿರಲಿಲ್ಲ."

ಪ್ರಜ್ಞಾ ಬಾಯಿಗೆ ಓಢಣಿ ಅಡ್ಡ ಹಿಡಿದಳು. ಲಗಮಪ್ಪನ ಕೈ ಅಂಗಿಯ ಕಿಸೆಗೆ ಹೋಯಿತು. ರೆಗ್ಯುಲೇಟರು ಅಲ್ಲೇ ಉಬ್ಬಿಕೊಂಡಿತ್ತು.

"ನಾ ಕೈ ಮುಗಿಯೂದಿಲ್ಲ" ಎಂದ. "ಚರಗದ ಕೂಗೂ ಕೂಗೂದಿಲ್ಲ."

"ಮುಗೀರಿ ಅಂತ ಯಾರ ಅಂದ್ರು? ಈ ತಂಬಿಗಿ ಹಿಡೀರಿ. ಹೊಲಕ್ಕ ನೀರ ಹಾಕೂದು ಯಾವ ಪ್ರತಿಜ್ಞಾದಾಗೂ ತಪ್ಪಂತ ಬರದಿಲ್ಲ."

ಚರಗದಲ್ಲಿ ಮುಂದೆ ನಡೆದು ಅನ್ನ ಚೆಲ್ಲಿ ಕೂಗುವುದು ಗಂಡಸಿನ ಕೆಲಸ. ಹಿಂದೆ ತಂಬಿಗೆ ಹಿಡಿದು ನೀರು ಹಾಕುತ್ತ ಹೋಗುವವರು ಇನ್ನೊಬ್ಬರು. ಇಲ್ಲಿ ಸುಂದರವ್ವ ಮುಂದಾದಳು. ಸೆರಗನ್ನು ನಡುವಿಗೆ ಸಿಕ್ಕಿಸಿ, ಬುಟ್ಟಿ ಬಗಲಿಗೆ ಇಟ್ಟು, ಕಡಬು ಮುರಿದ ಚೂರು, ಅನ್ನ, ಪಲ್ಯ ಕಲಸಿದ್ದನ್ನು ಹಿಡಿಹಿಡಿಯಾಗಿ ಹತ್ತಿ ಸಾಲಿಗೆ ಎಸೆದಳು. ಅವಳು ಗೌಡರ ಹೊಲದ ಕಡೆಯ ಬದುವನ್ನೇ ಮೊದಲು ಹಿಡಿದಳು.

"ಹುಲ್ಲುಲ್ಲಿಗೋ!"

ಆ ಕೂಗಿಗೆ ಬೇವಿನ ಗಿಡದ ಕೆಳಗಿನವರು ತಲೆ ಎತ್ತಿದರು. ಅವಳು ಇನ್ನೂ ಜೋರಾಗಿ ಕೂಗಿದಳು. ಹಿಂದಿನಿಂದ ಲಗಮಪ್ಪ ಬಾಯಿ ಬಿಗಿದುಕೊಂಡೇ, ಒಂದು ಸಾಲೂ ಬಿಡದೆ ನೀರು ಹಾಕುತ್ತ ನಡೆದ.

ಸಂಜೆ ಅವರು ಹೊರಡುವಾಗ ಸೀತವ್ವ ಇಟ್ಟುಹೋದ ನಾಲ್ಕು ಕಡಬು ಕಲ್ಲಿನ ಮೇಲೆ ಹಾಗೇ ಇದ್ದವು. ಇರುವೆ ಮುತ್ತಿದ್ದವು. ಬಾಯವ್ವ ಅದನ್ನು ನೋಡಿದಳು, ದಾಟಿ ಬಂದಳು.

ಮನೆಗೆ ಬಂದು ಲಗಮಪ್ಪ ಕಿಸೆಯಿಂದ ರೆಗ್ಯುಲೇಟರು ತೆಗೆದು ಸಿಲಿಂಡರಿಗೆ ಕೂಡಿಸಿದ. ಒಲೆ ಹೊತ್ತಿಸಿ ನೋಡಿ ಆರಿಸಿದ.

"ಒಂದೀಟ ಚಹಾ ಇಡು" ಎಂದ.

ಸುಂದರವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಅಂಗಾಲಿನ ತುಂಬ ಎರೆ ಮಣ್ಣು ಮೆತ್ತಿತ್ತು. ಅವಳು ಏಳಲಿಲ್ಲ.

"ನೀವ ಇಡ್ರಿ. ಪುಡಿ ಮ್ಯಾಲಿನ ಡಬ್ಬಿಯಾಗ ಐತಿ."